ಸಂಘದ ಕಟ್ಟಡದ ವೈರಿಂಗ್: ‘ನಮ್ಮ ಹುಡುಗನೇ ಮಾಡ್ತಾನೆ ಬಿಡಿ’ ಅಂದರೆ ಯಾಕೆ ಸಾಲದು?

ನಮ್ಮೂರ ಯುವಕ ಮಂಡಲದ ಅಡುಗೆ ಕೋಣೆಯಲ್ಲಿ ಗ್ರೈಂಡರಿನ ಮುಂದೆ ಒಂದು ಮರದ ಮಣೆ ಇತ್ತು. ಕೂರುವುದಕ್ಕಲ್ಲ, ನಿಲ್ಲುವುದಕ್ಕೆ. ಚೌತಿಯ ಊಟಕ್ಕೆ ಕಾಯಿ ರುಬ್ಬಲು ಬರುವ ಹೆಂಗಸರಿಗೆಲ್ಲ ಅದು ಗೊತ್ತು. ಮಣೆ ಮೇಲೆ ನಿಂತರೆ ಏನೂ ಆಗುವುದಿಲ್ಲ. ಒದ್ದೆ ನೆಲದ ಮೇಲೆ ನಿಂತು ಗ್ರೈಂಡರ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮೂರು ವರ್ಷ ಹೀಗೇ ನಡೆಯಿತು. ಯಾರೂ ದೂರು ಅಂತ ಹೇಳಲಿಲ್ಲ. ಹೊಸಬರು ಬಂದರೆ ‘ಮಣೆ ಮೇಲೆ ನಿಂತ್ಕೊ ಮಾರಾಯ್ತಿ’ ಅನ್ನುತ್ತಿದ್ದರು, ಅಷ್ಟೇ.

ಆಮೇಲೆ ಕಟ್ಟಡಕ್ಕೆ ಮಹಡಿ ಏರಿಸುವ ಮಾತು ಬಂತು. ಕರೆಂಟಿನ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕಾಯಿತು. ಅರ್ಜಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಸಹಿ ಬೇಕು. ಹಾಗೆ ಬಂದವರು ಮೊದಲು ಕೇಳಿದ್ದೇ ‘ಈ ಮಣೆ ಯಾಕೆ ಇಲ್ಲಿ?’ ಅಂತ. ಉತ್ತರ ಕೇಳಿ ಮೇನ್ ಸ್ವಿಚ್ ಇಳಿಸಿ ಸಾಕೆಟ್ ಬಿಚ್ಚಿದರು. ಒಳಗೆ ಬೆರಳುದ್ದದ ಒಂದು ತುಂಡು ವೈರ್ ಇತ್ತು. ಆ ತುಂಡಿನ ಕತೆ ಮುಂದೆ ಬರುತ್ತದೆ. ಅದನ್ನು ಹಾಕಿದ್ದು ನಮ್ಮದೇ ಹುಡುಗ. ಒಳ್ಳೆಯ ಹುಡುಗ, ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ.

ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಗಣೇಶೋತ್ಸವ ಸಮಿತಿ, ಕನ್ನಡ ಸಂಘ... ನಮ್ಮಲ್ಲಿ ಇಂಥ ಕಟ್ಟಡಗಳು ಚಂದಾ ಮತ್ತು ಶ್ರಮದಾನದಿಂದಲೇ ಎದ್ದು ನಿಂತಿರುತ್ತವೆ. ಮರಳು ಒಬ್ಬರದು, ಸಿಮೆಂಟ್ ಇನ್ನೊಬ್ಬರದು, ವೈರಿಂಗ್ ಮತ್ತೊಬ್ಬರದು. ಇದರಲ್ಲಿ ವೈರಿಂಗ್ ಮಾತ್ರ ಯಾಕೆ ಬೇರೆ ವಿಷಯ? ಲೈಸೆನ್ಸ್ ಅಂದರೆ ನಿಜಕ್ಕೂ ಯಾವುದು? ಸದಸ್ಯರು ಏನು ಮಾಡಬಹುದು, ಏನು ಮಾಡಬಾರದು? ಒಂದೊಂದಾಗಿ ನೋಡೋಣ.

ಮೀಟರಿನ ಆಚೆ, ಮೀಟರಿನ ಈಚೆ

ಮೆಸ್ಕಾಂ, ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್, ಯಾವ ಕಂಪನಿಯೇ ಇರಲಿ, ಕಂಬದಿಂದ ಮೀಟರಿನ ತನಕ ಅವರ ಜವಾಬ್ದಾರಿ. ಮೀಟರ್ ದಾಟಿದ ಮೇಲೆ ಬರುವ ಮೇನ್ ಸ್ವಿಚ್, ಬೋರ್ಡು, ವೈರು, ಸಾಕೆಟ್ಟು, ಅರ್ಥಿಂಗ್ ಗುಂಡಿ ಎಲ್ಲವೂ ಕಟ್ಟಡದವರದು. ‘ಪವರ್‌ಮ್ಯಾನ್ ಬಂದು ನೋಡಿ ಹೋಗಿದ್ದಾರೆ’ ಅಂತ ಸಭೆಯಲ್ಲಿ ಹೇಳುವುದುಂಟು. ಅವರು ನೋಡಿದ್ದು ಮೀಟರು. ಒಳಗಿನ ವೈರಿಂಗ್ ಸರಿ ಇದೆಯೋ ಇಲ್ಲವೋ ಅನ್ನುವುದು ಅವರ ಕೆಲಸವಲ್ಲ.

ಮನೆಯಾದರೆ ಮಾಲೀಕ ಯಾರು ಅಂತ ಗೊತ್ತಿರುತ್ತದೆ. ಸಂಘದ ಕಟ್ಟಡದಲ್ಲಿ? ಕರೆಂಟ್ ಬಿಲ್ಲಿನಲ್ಲಿ ಆರ್.ಆರ್. ನಂಬರಿನ ಜೊತೆ ‘ಅಧ್ಯಕ್ಷರು’ ಅಥವಾ ‘ಕಾರ್ಯದರ್ಶಿ’ ಅಂತ ಇರುತ್ತದೆ. ಕೆಲವು ಕಡೆ ಎಷ್ಟೋ ವರ್ಷದ ಹಿಂದೆ ತೀರಿಹೋದ ಅಧ್ಯಕ್ಷರ ಹೆಸರಿನಲ್ಲೇ ಬಿಲ್ಲು ಬರುತ್ತಿರುತ್ತದೆ! ಹೆಸರು ಯಾರದೇ ಇರಲಿ, ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾಗಿದ್ದರೆ ಅದರ ಆಡಳಿತ ನೋಡಿಕೊಳ್ಳುವುದು ಕಾರ್ಯಕಾರಿ ಸಮಿತಿ. ಏನಾದರೂ ಆದಾಗ ಪ್ರಶ್ನೆ ಬರುವುದು ಅಲ್ಲಿಗೇ.

ಏನು ಪ್ರಶ್ನೆ? ವಿದ್ಯುತ್ತಿನಿಂದ ಜೀವಹಾನಿ ಅಥವಾ ಗಾಯ ಆದರೆ ವಿದ್ಯುತ್ ಕಾಯ್ದೆ, 2003ರ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರ ತನಿಖೆಗೆ ಅವಕಾಶ ಇದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದೆ ಅಂತಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಬರುತ್ತದೆ. ಅದರಲ್ಲಿ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಸಂಬಳಕ್ಕೆ ಮಾಡಿದ್ದೋ ಸೇವೆ ಅಂತ ಮಾಡಿದ್ದೋ ಅನ್ನುವ ವ್ಯತ್ಯಾಸವನ್ನು ಈ ಸೆಕ್ಷನ್ ಮಾಡುವುದಿಲ್ಲ. ವೈರಿಂಗ್ ಮಾಡಿದ್ದು ಯಾರು, ಅದಕ್ಕೆ ಕಾಗದ ಎಲ್ಲಿದೆ, ಇಷ್ಟೇ ಮೊದಲ ಪ್ರಶ್ನೆ.

ಇನ್ನೊಂದು ಸಂಗತಿ. ಮನೆಯ ಸ್ವಿಚ್ಚಿನ ಚಾಳಿ ಮನೆಯವರಿಗೆ ಗೊತ್ತಿರುತ್ತದೆ. ಬಚ್ಚಲಿನ ಸ್ವಿಚ್ ಒದ್ದೆ ಕೈಯಲ್ಲಿ ಮುಟ್ಟಬೇಡ ಅಂತ ಮಗುವಿಗೂ ಹೇಳಿರುತ್ತಾರೆ. ಸಂಘದ ಹಾಲಿಗೆ ಬರುವುದು ಮದುವೆ ಮನೆಯ ನೆಂಟರು, ಬೇಸಿಗೆ ಶಿಬಿರದ ಮಕ್ಕಳು, ಆರೋಗ್ಯ ಶಿಬಿರಕ್ಕೆ ಬಂದ ಅಜ್ಜಂದಿರು. ಅವರಿಗೆ ಮಣೆಯ ಗುಟ್ಟು ಗೊತ್ತಿಲ್ಲ.

ಲೈಸೆನ್ಸ್ ಅಂದರೆ ಯಾವುದು?

ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ‘ಅವನು ಐಟಿಐ ಎಲೆಕ್ಟ್ರಿಷಿಯನ್ ಮಾಡಿದ್ದಾನೆ, ಸಾಕಲ್ವಾ?’ ಅಂತ ಕೇಳುತ್ತಾರೆ. ಐಟಿಐ ಸರ್ಟಿಫಿಕೇಟ್ ಹೇಳುವುದು ಅವನು ಕಲಿತಿದ್ದಾನೆ ಅಂತ. ಜನರ ಕಟ್ಟಡದಲ್ಲಿ ಕೆಲಸ ಮಾಡಬಹುದು ಅಂತ ಸರಕಾರ ಕೊಡುವ ಕಾಗದ ಬೇರೆ. ಅದರಲ್ಲಿ ಮೂರು ಬಗೆ.

ಮೊದಲನೆಯದು ವೈರ್‌ಮನ್ ಪರ್ಮಿಟ್. ಕೈಯಾರೆ ವೈರ್ ಎಳೆದು ಜೋಡಿಸುವವನಿಗೆ. ಎರಡನೆಯದು ಸೂಪರ್‌ವೈಸರ್ ಪರ್ಮಿಟ್. ಕೆಲಸದ ಜಾಗದಲ್ಲಿ ನಿಂತು ಮಾಡಿಸುವವನಿಗೆ. ಮೂರನೆಯದು ಕಾಂಟ್ರ್ಯಾಕ್ಟರ್ ಲೈಸೆನ್ಸ್. ಕೆಲಸ ಒಪ್ಪಿಕೊಂಡು, ಪರೀಕ್ಷೆ ಮಾಡಿ, ‘ಇದಕ್ಕೆ ನಾನು ಜವಾಬ್ದಾರ’ ಅಂತ ಸಹಿ ಹಾಕುವವನಿಗೆ. ಕರ್ನಾಟಕದಲ್ಲಿ ಇವನ್ನು ನೋಡಿಕೊಳ್ಳುವುದು ಇಂಧನ ಇಲಾಖೆಯ ಕೆಳಗೆ ಬರುವ ವಿದ್ಯುತ್ ಪರಿವೀಕ್ಷಣಾಲಯ. ಮೆಸ್ಕಾಂ, ಬೆಸ್ಕಾಂನವರಲ್ಲ.

ಮದುವೆ ಅಡುಗೆಯ ಹಾಗೆ ಅಂದುಕೊಳ್ಳಿ. ತರಕಾರಿ ಹೆಚ್ಚುವವರು, ಒಲೆ ಮುಂದೆ ನಿಂತು ಹದ ನೋಡುವವರು, ಎಲ್ಲದರ ಗುತ್ತಿಗೆ ಹಿಡಿದ ಭಟ್ಟರು. ಹೆಚ್ಚುವವರು ಎಷ್ಟೇ ನುರಿತವರಿರಲಿ, ಸಾರಿಗೆ ಉಪ್ಪು ಜಾಸ್ತಿಯಾದರೆ ಜನ ಕೇಳುವುದು ಭಟ್ಟರನ್ನು. ಸಂಘದ ವೈರಿಂಗಿನಲ್ಲಿ ಹೆಚ್ಚುವವರು ಇರುತ್ತಾರೆ, ಭಟ್ಟರೇ ಇರುವುದಿಲ್ಲ.

ಹಾಗಾದರೆ ಪರ್ಮಿಟ್ ಇರುವ ಸದಸ್ಯನೇ ಮಂಡಲದಲ್ಲಿದ್ದರೆ? ಅವನು ಧಾರಾಳವಾಗಿ ಕೆಲಸ ಮಾಡಬಹುದು. ಮೇಲೊಬ್ಬ ಲೈಸೆನ್ಸ್‌ದಾರ ಕಾಂಟ್ರ್ಯಾಕ್ಟರ್ ಕೆಲಸ ಒಪ್ಪಿಕೊಂಡು, ನೋಡಿ, ಪರೀಕ್ಷೆ ಮಾಡಿ ಸಹಿ ಹಾಕಬೇಕು. ಆ ಕಾಂಟ್ರ್ಯಾಕ್ಟರ್ ಕೂಡ ಸಂಘದ ಅಭಿಮಾನಿಯಾಗಿ ಕೂಲಿ ಬೇಡ ಅಂದರೆ ಯಾರೂ ತಡೆಯುವುದಿಲ್ಲ. ದುಡ್ಡು ತೆಗೆದುಕೊಳ್ಳಲೇಬೇಕು ಅಂತ ಎಲ್ಲೂ ಇಲ್ಲ, ಹೊಣೆ ಹೊರಬೇಕು ಅಷ್ಟೇ.

ಕಾನೂನು ಗೆರೆ ಎಳೆಯುವುದು ಎಲ್ಲಿ?

ಹಳಬ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ‘ರೂಲ್ 45’ ಅನ್ನುವ ಮಾತು ಕೇಳಿರಬಹುದು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೇ ನಿಯಮ ಅದು. ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊಸ ಸುರಕ್ಷತಾ ನಿಯಮ ತಂದಿತು, 2023ರಲ್ಲಿ ಮತ್ತೆ ಹೊಸದು ಬಂತು. ನಂಬರ್ ಬದಲಾಗಿದೆ, ತಿರುಳು ಅದೇ: ಗ್ರಾಹಕರ ಕಟ್ಟಡದಲ್ಲಿ ಹೊಸ ವೈರಿಂಗ್, ಇರುವುದಕ್ಕೆ ಸೇರಿಸುವುದು, ಬದಲಾಯಿಸುವುದು, ರಿಪೇರಿ ಮಾಡುವುದು ಇವನ್ನೆಲ್ಲ ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರ್ ಮೂಲಕ, ಅರ್ಹ ಸೂಪರ್‌ವೈಸರ್ ಕಣ್ಣೆದುರಿಗೆ, ಪರ್ಮಿಟ್ ಇರುವವರಿಂದಲೇ ಮಾಡಿಸಬೇಕು. ಸೇವಾ ಸಂಸ್ಥೆ, ಲಾಭಕ್ಕಲ್ಲದ ಸಂಸ್ಥೆ ಅಂತ ವಿನಾಯಿತಿ ಇಲ್ಲ.

ಒಂದು ಸಣ್ಣ ಕಿಟಕಿ ಮಾತ್ರ ತೆರೆದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು ಬದಲಾಯಿಸಬಹುದು. ಆದರೆ ಅದರಿಂದ ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. ಈ ಮಾತು ಕೇಳಲು ವಕೀಲರ ಮಾತಿನಂತಿದೆ, ಅರ್ಥ ಸುಲಭ. ಸುಟ್ಟ 6 ಆಂಪ್ ಸ್ವಿಚ್ ತೆಗೆದು ಅಂಥದ್ದೇ ಸ್ವಿಚ್ ಹಾಕಿದರೆ ಪರವಾಗಿಲ್ಲ. ಪದೇ ಪದೇ ಬೀಳುತ್ತಿದೆ ಅಂತ 16 ಆಂಪ್ ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ತೆಗೆದು 32 ಆಂಪಿನದು ಹಾಕಿದರೆ? ನೋಡಲು ಅದೂ ಒಂದು ‘ಬದಲಾವಣೆ’ಯೇ. ಐದು ನಿಮಿಷದ ಕೆಲಸ. ಆದರೆ ಈಗ ಅದೇ ಹಳೆಯ ವೈರಿನಲ್ಲಿ ಎರಡು ಪಟ್ಟು ಕರೆಂಟ್ ಹರಿಯಲು ದಾರಿ ಬಿಟ್ಟಂತಾಯಿತು. ಇದು ಗೆರೆಯ ಆಚೆಗೆ. ಲೈಟಿನ ಪಾಯಿಂಟಿನಿಂದ ವೈರ್ ಎಳೆದು ಕಾಫಿ ಮೆಷಿನ್ನಿಗೆ ಒಂದು ಪ್ಲಗ್ ಕೊಡುವುದೂ ಗೆರೆಯ ಆಚೆಗೇ.

ಹೊರದೇಶದ ಕನ್ನಡ ಕೂಟಗಳಲ್ಲಿ ಓಡಾಡುವವರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಈ ಕಿಟಕಿ ಇನ್ನೂ ಚಿಕ್ಕದು. ಅಲ್ಲಿ ಗೋಡೆಯ ಸ್ವಿಚ್ ಬದಲಾಯಿಸುವುದಕ್ಕೂ ಲೈಸೆನ್ಸ್ ಇರುವವರೇ ಬೇಕು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಸುರಕ್ಷತಾ ಪ್ರಮಾಣಪತ್ರ ಕೊಡಬೇಕು. ‘ಊರಲ್ಲಿ ನಾನೇ ಮಾಡ್ತಿದ್ದೆ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹಾಗೆ ನೋಡಿದರೆ ಊರಲ್ಲೂ ನಡೆಯಬಾರದು.

‘ಎಂಸಿಬಿ ಇದೆಯಲ್ಲ, ಇನ್ನೇನು ಭಯ?’

ಸಭೆಯಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಮನುಷ್ಯನ ಮೈಯಲ್ಲಿ 10 ಮಿಲಿ ಆಂಪಿಗಿಂತ ಜಾಸ್ತಿ ಕರೆಂಟ್ ಹರಿದರೆ ಸ್ನಾಯು ಬಿಗಿದುಕೊಳ್ಳುತ್ತದೆ, ಹಿಡಿದದ್ದನ್ನು ಬಿಡಲು ಆಗದೆ ಹೋಗಬಹುದು. 30 ಮಿಲಿ ಆಂಪ್ ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯದ ತಾಳ ತಪ್ಪುವ ಅಪಾಯ ಇದೆ. 30 ಮಿಲಿ ಆಂಪ್ ಅಂದರೆ ಎಷ್ಟು? 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಉರಿಯಲು ಹತ್ತಿರ ಹತ್ತಿರ 40 ಮಿಲಿ ಆಂಪ್ ಬೇಕು. ಒಂದು ಸಣ್ಣ ಬಲ್ಬ್ ಉರಿಸುವಷ್ಟು ಕರೆಂಟ್ ಸಾಕು, ಮನುಷ್ಯನ ಜೀವ ಹೋಗಲು.

ಈಗ ಎಂಸಿಬಿ ನೋಡಿ. 16 ಆಂಪ್ ಅಂದರೆ 16,000 ಮಿಲಿ ಆಂಪ್. ಒದ್ದೆ ಮೈಯ ತಡೆ 1,000 ಓಮ್ ಅಂತ ಇಟ್ಟುಕೊಂಡರೆ 230 ವೋಲ್ಟಿನಲ್ಲಿ ಮೈಯೊಳಗೆ ಹರಿಯುವುದು 230 ಮಿಲಿ ಆಂಪ್. ಎಂಸಿಬಿಗೆ ಅದು ಒಂದು ಲೆಕ್ಕವೇ ಅಲ್ಲ. ಯಾರೋ ಇನ್ನೂ ಐದಾರು ಬಲ್ಬ್ ಹಚ್ಚಿದರು ಅಂತ ಅದು ತಿಳಿಯುತ್ತದೆ. ಎಂಸಿಬಿ ಇರುವುದು ವೈರ್ ಸುಟ್ಟುಹೋಗದಂತೆ ಕಾಯಲು. ಫ್ಯೂಸ್ ಕೂಡ ಅಷ್ಟೇ.

ಮನುಷ್ಯನನ್ನು ಕಾಯಲು ಇರುವ ಸಾಧನ ಬೇರೆ. ಅದರ ಹೆಸರು ಆರ್‌ಸಿಸಿಬಿ. ನೋಡಲು ಎಂಸಿಬಿಯ ಅಣ್ಣನ ಹಾಗೆ ಸ್ವಲ್ಪ ದಪ್ಪ, ಮೈಮೇಲೆ ‘ಟಿ’ ಅಂತ ಒಂದು ಸಣ್ಣ ಬಟನ್. ಅದು ಮಾಡುವುದು ಎಣಿಕೆಯ ಕೆಲಸ. ಸಂಘದ ತಟ್ಟೆ, ಲೋಟ ಬಾಡಿಗೆಗೆ ಹೋಗಿ ಬಂದಾಗ ಎಣಿಸುತ್ತೇವಲ್ಲ, ಹಾಗೆ. 200 ತಟ್ಟೆ ಹೋಗಿತ್ತು, 199 ಬಂತು, ಒಂದು ಎಲ್ಲಿ? ಆರ್‌ಸಿಸಿಬಿ ಫೇಸ್ ವೈರಿನಲ್ಲಿ ಹೋದ ಕರೆಂಟು, ನ್ಯೂಟ್ರಲ್‌ನಲ್ಲಿ ವಾಪಸು ಬಂದ ಕರೆಂಟು ಎರಡನ್ನೂ ಸದಾ ತಾಳೆ ನೋಡುತ್ತಿರುತ್ತದೆ. ಎರಡರ ನಡುವೆ 30 ಮಿಲಿ ಆಂಪ್ ವ್ಯತ್ಯಾಸ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಯಾರ ಮೈ ಮೂಲಕವೋ ನೆಲಕ್ಕೆ ಹೋಗುತ್ತಿರಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ. ಒಂದು ಮಟ್ಟಕ್ಕಿಂತ ಜಾಸ್ತಿ ಲೋಡ್ ಇರುವ ಕಡೆ ಇಂಥ ಸೋರಿಕೆ ರಕ್ಷಣೆ ಇರಲೇಬೇಕು ಅಂತ ನಿಯಮವೂ ಇದೆ.

ಹಾಗಂತ ಅದು ದೇವರಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದು ಕುರ್ಚಿ ಮೇಲೆ ನಿಂತರೆ ಹೋದದ್ದೆಲ್ಲ ವಾಪಸು ಬರುತ್ತದೆ. ಎಣಿಕೆ ಸರಿಯಾಗಿಯೇ ಇರುತ್ತದೆ, ಅದು ಬೀಳುವುದಿಲ್ಲ.

ಆ ತುಂಡು ವೈರ್

ಈಗ ನಮ್ಮ ಗ್ರೈಂಡರಿಗೆ ಬರೋಣ.

ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತು ಅರ್ಥಿಂಗ್. ಅದರಿಂದ ಹೊರಟ ಹಸಿರು ವೈರ್ ಕಟ್ಟಡದ ಹೊರಗೆ ನೆಲದಲ್ಲಿ ಹುಗಿದ ಕಬ್ಬಿಣದ ಪೈಪಿಗೆ ಹೋಗಿ ಸೇರಬೇಕು. ಯಂತ್ರದ ಒಳಗೆ ಎಲ್ಲಾದರೂ ಫೇಸ್ ವೈರ್ ಸವೆದು ಹೊರಗಿನ ಲೋಹಕ್ಕೆ ತಾಗಿದರೆ ಕರೆಂಟ್ ಈ ದಾರಿಯಲ್ಲಿ ನೆಲಕ್ಕೆ ಇಳಿಯಲಿ ಅಂತ. ದಿನನಿತ್ಯ ಅದಕ್ಕೆ ಕೆಲಸ ಇಲ್ಲ. ಸುಮ್ನೆ ಇರುತ್ತದೆ. ಅದಕ್ಕೇ ಜನ ಅದನ್ನು ಮರೆಯುತ್ತಾರೆ.

ನ್ಯೂಟ್ರಲ್ ಹಾಗಲ್ಲ. ಯಂತ್ರ ಓಡುವಾಗಲೆಲ್ಲ ಅದರಲ್ಲಿ ಕರೆಂಟ್ ವಾಪಸು ಹೋಗುತ್ತಿರುತ್ತದೆ. ಟೆಸ್ಟರ್ ಹಚ್ಚಿದರೆ ಎರಡರಲ್ಲೂ ದೀಪ ಉರಿಯುವುದಿಲ್ಲ. ಅದರಿಂದಲೇ ಎರಡೂ ಒಂದೇ ಅನ್ನುವ ತಪ್ಪು ಕಲ್ಪನೆ ಹುಟ್ಟುತ್ತದೆ.

ನಮ್ಮ ಅಡುಗೆ ಕೋಣೆಗೆ ಹಸಿರು ವೈರ್ ಬಂದೇ ಇರಲಿಲ್ಲ. ಹಳೆಯ ಕಟ್ಟಡ, ಎರಡೇ ವೈರಿನ ಕಾಲದ್ದು. ಗೋಡೆ ಒಡೆದು ಹೊಸ ವೈರ್ ಎಳೆಯುವ ಬದಲು ನಮ್ಮ ಹುಡುಗ ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನಿಂದ ಅರ್ಥಿಂಗ್ ಪಿನ್ನಿಗೆ ಬೆರಳುದ್ದದ ಒಂದು ತುಂಡು ಹಾಕಿದ್ದ. ಮೂರು ತೂತಿಗೂ ವೈರ್ ಬಂತು, ಗ್ರೈಂಡರ್ ಓಡಿತು. ಯಾರೋ ಹಿರಿಯರೇ ಅವನಿಗೆ ಹಾಗೆ ಕಲಿಸಿದ್ದಂತೆ. ಹೀಗೆ ಮಾಡುವುದು ಬಹಳ ಕಡೆ ರೂಢಿಯಲ್ಲಿದೆ.

ಇದರಲ್ಲಿ ಏನು ಕೆಟ್ಟದ್ದು? ಗ್ರೈಂಡರಿನ ಲೋಹದ ಮೈ ಈಗ ನ್ಯೂಟ್ರಲ್ಲಿಗೆ ಕಟ್ಟಿಹಾಕಿದಂತೆ. ಹಿಂದೆ ಎಲ್ಲೋ ಡಬ್ಬಿಯಲ್ಲಿ ನ್ಯೂಟ್ರಲ್ ಜಾಯಿಂಟ್ ಸಡಿಲವಾಯಿತು ಅನ್ನಿ. ಮಳೆಗಾಲದ ಥಂಡಿಗೆ ತುಕ್ಕು, ಮಸಿ ಹಿಡಿಯಿತು. ವಾಪಸು ಹೋಗುವ ಕರೆಂಟಿಗೆ ಅಲ್ಲಿ ತಡೆ. ಆ ತಡೆಯ ಹಿಂದೆ ವೋಲ್ಟೇಜ್ ಏರುತ್ತದೆ, ಕಸ ಕಟ್ಟಿದ ತೋಡಿನ ಹಿಂದೆ ನೀರು ಏರಿದ ಹಾಗೆ. ಏರಿದ್ದೆಲ್ಲ ನೇರ ಗ್ರೈಂಡರಿನ ಮೈಗೆ. ಕೈ ಜುಮ್ ಅನ್ನುತ್ತಿದ್ದದ್ದು ಇದೇ. ಮಣೆ ಆ ಕರೆಂಟು ನೆಲಕ್ಕೆ ಹೋಗುವ ದಾರಿಯನ್ನು ತಡೆಯುತ್ತಿತ್ತು.

ಜಾಯಿಂಟ್ ಪೂರ್ತಿ ಬಿಟ್ಟುಹೋಗಿದ್ದರೆ? ಗ್ರೈಂಡರ್ ನಿಂತುಬಿಡುತ್ತಿತ್ತು. ಕರೆಂಟ್ ಹೋಯಿತು ಅಂತಲೇ ಎಲ್ಲರೂ ಅಂದುಕೊಳ್ಳುತ್ತಿದ್ದರು. ಆದರೆ ಫೇಸ್ ವೈರಿನ 230 ವೋಲ್ಟ್ ಮೋಟರಿನ ಸುರುಳಿ ಮೂಲಕ ಬಂದು, ಮುಂದೆ ಹೋಗಲು ದಾರಿಯಿಲ್ಲದೆ, ಆ ತುಂಡು ವೈರಿನಿಂದ ಯಂತ್ರದ ಮೈಯಲ್ಲಿ ನಿಂತಿರುತ್ತಿತ್ತು. ನಿಂತ ಯಂತ್ರದೊಳಗೆ ಕೈ ಹಾಕಿ ಕಾಯಿ ತೆಗೆಯಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಇದನ್ನು ಕಾಂಟ್ರ್ಯಾಕ್ಟರ್ ವಿವರಿಸುವಾಗ ಸಮಿತಿಯವರು ಏಳೆಂಟು ಜನ ಅಡುಗೆ ಕೋಣೆಯಲ್ಲಿ ನಿಂತಿದ್ದೆವು. ಯಾರೂ ಮಾತಾಡಲಿಲ್ಲ.

ಹಬ್ಬದ ದಿನದ ಲೆಕ್ಕ

ಸಂಘದ ಕಟ್ಟಡದ ಇನ್ನೊಂದು ಗುಣ: ವರ್ಷದ ಮುನ್ನೂರು ದಿನ ಎರಡು ಟ್ಯೂಬ್‌ಲೈಟ್, ನಾಲ್ಕು ಫ್ಯಾನ್. ಉಳಿದ ದಿನ ಜಾತ್ರೆ. ಹಬ್ಬದ ದಿನ ಒಂದೇ ಲೈನಿನಲ್ಲಿ ಏನೇನು ಬೀಳುತ್ತದೆ ನೋಡಿ. 1 ಎಚ್‌ಪಿ ಗ್ರೈಂಡರ್, ಸುಮಾರು 750 ವ್ಯಾಟ್. ನೀರು ಕಾಯಿಸುವ ಬಾಯ್ಲರ್ 2,000. ಅಂಗಳಕ್ಕೆ 500ರ ನಾಲ್ಕು ಹ್ಯಾಲೋಜನ್, ಅದು 2,000. ಮೈಕ್ ಸೆಟ್ 1,000. ಒಟ್ಟು 5,750 ವ್ಯಾಟ್. 230ರಿಂದ ಭಾಗಿಸಿದರೆ 25 ಆಂಪ್.

ಗೋಡೆಯೊಳಗೆ ಪೈಪಿನಲ್ಲಿ ಹೋಗುವ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹೊರುವುದು 20 ಆಂಪಿನ ಆಸುಪಾಸು. ಲೈಟಿಗೆ ಹಾಕುವ 1.5ರ ವೈರ್ ಇನ್ನೂ ಕಡಿಮೆ. ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿ ಸೆಲ್ಸಿಯಸ್ ತನಕ. ಅದಕ್ಕಿಂತ ಬಿಸಿಯಾದರೆ ಮೆತ್ತಗಾಗಿ, ಕಾಲಕ್ರಮೇಣ ಒಣಗಿ ಬಿರಿಯುತ್ತದೆ. ಒಂದು ಹಬ್ಬದಲ್ಲಿ ಏನೂ ಆಗದೆ ಹೋಗಬಹುದು. ಹತ್ತು ಹಬ್ಬ ತಾಳಿಕೊಂಡ ವೈರ್ ಹನ್ನೊಂದನೆಯದಕ್ಕೆ ಕೈಕೊಡುತ್ತದೆ.

ಫ್ಯೂಸ್ ಹೋಯಿತು ಅಂತ ಫ್ಯೂಸ್ ವೈರಿನ ಬದಲು ಯಾವುದೋ ಹಳೆ ಕೇಬಲ್ಲಿನ ತಾಮ್ರದ ಎಳೆಗಳನ್ನು ಹೊಸೆದು ಕಟ್ಟುತ್ತಾರಲ್ಲ, ಆಗ ಕಾಯುವವನನ್ನೇ ಮನೆಗೆ ಕಳಿಸಿದ ಹಾಗೆ. ಕಾಂಟ್ರ್ಯಾಕ್ಟರ್ ಮಾಡುವುದು ಈ ಲೆಕ್ಕವನ್ನು ಮೊದಲೇ ಮಾಡಿ ಅಡುಗೆ ಕೋಣೆಗೆ ಬೇರೆ ಲೈನ್, ವೇದಿಕೆಗೆ ಬೇರೆ, ಅಂಗಳಕ್ಕೆ ಬೇರೆ ಅಂತ ಹಂಚುವುದು. ಒಟ್ಟು ಲೋಡ್ ಮಂಜೂರಾದದ್ದಕ್ಕಿಂತ ಜಾಸ್ತಿ ಇದ್ದರೆ ವಿದ್ಯುತ್ ಕಂಪನಿಗೆ ಅರ್ಜಿ ಹಾಕಿಸುವುದು.

ಪೆಂಡಾಲ್ ಮತ್ತು ಜನರೇಟರ್

ಕಟ್ಟಡದ ಹೊರಗೆ ಹಾಕುವ ಶಾಮಿಯಾನ, ಸೀರಿಯಲ್ ಸೆಟ್ ಕೂಡ ಇದೇ ನಿಯಮದ ಕೆಳಗೇ ಬರುತ್ತವೆ. ಬೇಕಾದರೆ ತಾತ್ಕಾಲಿಕ ಸಂಪರ್ಕ ಸಿಗುತ್ತದೆ. ಕಂಬದ ಲೈನಿಗೆ ಕೊಕ್ಕೆ ಹಾಕಿದರೆ ಅದು ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕಳ್ಳತನ, ದೇವರ ಕಾರ್ಯಕ್ಕಾದರೂ ಅಷ್ಟೇ. ತಲೆಯ ಮೇಲಿನ ಲೈನನ್ನೂ ನೋಡಿಕೊಳ್ಳಬೇಕು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಾಗಿ ಮೂವರು ಯುವಕರು ಸತ್ತರು.

ಜನರೇಟರಿನ ವಿಷಯ ಇನ್ನೂ ಸೂಕ್ಷ್ಮ. ಎರಡೂ ತುದಿಗೆ ಪಿನ್ ಇರುವ ಒಂದು ವೈರ್ ಮಾಡಿಕೊಂಡು, ಜನರೇಟರಿನಿಂದ ಹಾಲಿನ ಸಾಕೆಟ್ಟಿಗೆ ಚುಚ್ಚಿ, ಇಡೀ ಕಟ್ಟಡಕ್ಕೆ ಕರೆಂಟ್ ಕೊಡುವ ಉಪಾಯ ನೋಡಿದ್ದೀರಾ? ಮೇನ್ ಸ್ವಿಚ್ ಇಳಿಸಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಪವರ್‌ಮ್ಯಾನ್ ಅಲ್ಲಿರುತ್ತಾನೆ. ಚೇಂಜ್‌ಓವರ್ ಸ್ವಿಚ್ ಇದ್ದರೆ ಕಂಬ ಅಥವಾ ಜನರೇಟರ್, ಎರಡರಲ್ಲಿ ಒಂದೇ ಸೇರಿರಲು ಸಾಧ್ಯ. ಅದನ್ನು ಕೂರಿಸುವುದೂ ಕಾಂಟ್ರ್ಯಾಕ್ಟರ್ ಕೆಲಸವೇ.

ಹಾಗಾದರೆ ಶ್ರಮದಾನ?

ಬೇಕಾದಷ್ಟಿದೆ. ವೈರಿಂಗ್ ಬಿಲ್ಲಿನಲ್ಲಿ ಒಳ್ಳೆಯ ಪಾಲು ಮೈ ಮುರಿದು ಮಾಡುವ ಕೆಲಸದ್ದೇ. ಕಾಂಟ್ರ್ಯಾಕ್ಟರ್ ಗುರುತು ಹಾಕಿಕೊಟ್ಟ ಕಡೆ ಗೋಡೆ ಕೊರೆಯುವುದು, ಪೈಪ್ ಕೂರಿಸಿದ ಮೇಲೆ ಸಿಮೆಂಟ್ ಮೆತ್ತುವುದು, ಬಣ್ಣ ಬಳಿಯುವುದು, ಸಾಮಾನು ಹೊರುವುದು, ಏಣಿ ಹಿಡಿಯುವುದು. ಅರ್ಥಿಂಗ್ ಗುಂಡಿ ತೋಡುವುದಂತೂ ಹೇಳಿ ಮಾಡಿಸಿದ ಶ್ರಮದಾನ. ನಮ್ಮ ಕಡೆ ಮುರಕಲ್ಲಿನ ನೆಲ, ಆಳಕ್ಕೆ ತೋಡಿದವರಿಗೇ ಗೊತ್ತು ಕಷ್ಟ. ಪೈಪಿನ ಸುತ್ತ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕುವ ಕೆಲಸವೂ ಸದಸ್ಯರದೇ. ನೆಲ ಒಣಗಿದರೆ ಅರ್ಥಿಂಗ್ ಮಂಕಾಗುತ್ತದೆ.

ಹೀಗೆ ಹಂಚಿಕೊಂಡರೆ ಕೂಲಿ ಕಡಿಮೆಯಾಗುತ್ತದೆ. ಯಾವ ಕೆಲಸ ನಮ್ಮದು ಅಂತ ಮೊದಲೇ ಮಾತಾಡಿ ಬರೆದುಕೊಳ್ಳಬೇಕು. ಅರ್ಧ ಕೆಲಸ ನಾವೇ ಮಾಡಿ ಮುಗಿಸಿ, ಆಮೇಲೆ ‘ಒಂದು ಸಹಿ ಹಾಕಿಕೊಡಿ’ ಅಂತ ಹೋಗಬಾರದು. ಗೋಡೆಯೊಳಗೆ ಮುಚ್ಚಿಹೋದ ಜಾಯಿಂಟಿಗೆ ಮರ್ಯಾದೆಯ ಕಾಂಟ್ರ್ಯಾಕ್ಟರ್ ಸಹಿ ಹಾಕುವುದಿಲ್ಲ. ಹಾಕುವವರೂ ಇದ್ದಾರೆ. ಅಂಥ ಸಹಿಗೆ ಕಾಗದದಷ್ಟೇ ಬೆಲೆ.

ಕೆಲಸ ಕೊಡುವ ಮೊದಲು, ಮುಗಿದ ಮೇಲೆ

ಲೈಸೆನ್ಸ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಕೇಳಿದರೆ ಬೇಜಾರಾಗುವವರ ಹತ್ತಿರ ಅದು ಇರುವುದು ಕಡಿಮೆ. ಅದರಲ್ಲಿ ಅವಧಿ ನೋಡಿ, ಲೈಸೆನ್ಸಿಗೂ ನವೀಕರಣ ಇರುತ್ತದೆ. ಹೆಸರು ನೋಡಿ, ಕೆಲವೊಮ್ಮೆ ಲೈಸೆನ್ಸ್ ಭಾವನದು, ಕೆಲಸ ಮಾಡುವುದು ಭಾವಮೈದ. ಸಾಧ್ಯವಾದರೆ ಇಬ್ಬರು ಮೂವರಿಂದ ಅಂದಾಜು ಪಟ್ಟಿ ತರಿಸಿ, ಯಾವ ವೈರ್, ಯಾವ ಕಂಪನಿ, ಎಷ್ಟು ಪಾಯಿಂಟ್, ಆರ್‌ಸಿಸಿಬಿ ಸೇರಿದೆಯೇ ಅಂತ ಒಂದೊಂದು ಸಾಲು ಹೋಲಿಸಿ. ಸಾಮಾನಿನ ಮೇಲೆ ಐಎಸ್‌ಐ ಗುರುತು ಇರಬೇಕು. ಒಪ್ಪಿದ್ದನ್ನು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಮಿತಿಗೆ ನೆನಪು ಇರುವುದಿಲ್ಲ, ಪುಸ್ತಕಕ್ಕೆ ಇರುತ್ತದೆ.

ಗೋಡೆ ಮುಚ್ಚುವ ಮೊದಲು ಪೈಪ್ ಎಲ್ಲೆಲ್ಲಿ ಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಯಾರೋ ಬ್ಯಾನರ್ ಕಟ್ಟಲು ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತದೆ.

ಮುಗಿದ ಮೇಲೆ ಪರೀಕ್ಷೆಯ ವರದಿ ಕೇಳಿ. ಅದರಲ್ಲಿ ಮುಖ್ಯವಾದವು ಎರಡು. ಒಂದು ಮೆಗ್ಗರ್ ಪರೀಕ್ಷೆ. 500 ವೋಲ್ಟ್ ಕೊಟ್ಟು ವೈರಿನ ಹೊದಿಕೆ ಎಷ್ಟು ಗಟ್ಟಿ ಅಂತ ನೋಡುತ್ತಾರೆ. ಕನಿಷ್ಠ 1 ಮೆಗಾಓಮ್ ಬರಬೇಕು. ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವ ಹಾಗೆ ಇದು. ಇನ್ನೊಂದು ಅರ್ಥಿಂಗ್ ಪರೀಕ್ಷೆ, ಗುಂಡಿ ನಿಜಕ್ಕೂ ಕರೆಂಟ್ ನುಂಗುತ್ತದೆಯೇ ಅಂತ. ಎರಡೂ ಉಪಕರಣದಿಂದ ಅಳೆಯುವಂಥವು, ಟೆಸ್ಟರ್ ಹಿಡಿದು ಹೇಳುವಂಥವಲ್ಲ. ಸಾಕೆಟ್ಟಿನ ಹಿಂದಿನ ತುಂಡು ವೈರ್ ಇಂಥ ಪರೀಕ್ಷೆಯಲ್ಲೇ ಸಿಕ್ಕಿಬೀಳುವುದು.

ಆರ್‌ಸಿಸಿಬಿ ಬೀಳುತ್ತಲೇ ಇದ್ದರೆ?

ಹೊಸ ಬೋರ್ಡ್ ಬಂದ ಮೇಲೆ ಮೊದಲ ದೀಪಾವಳಿಗೆ ಇದು ಗ್ಯಾರಂಟಿ. ಹಾಲಿನ ಮುಂದೆ ಸೀರಿಯಲ್ ಸೆಟ್ ಹಾಕಿದ ಕೂಡಲೇ ಟಪ್ ಅಂತ ಎಲ್ಲ ಕತ್ತಲು. ಎತ್ತಿದರೆ ಮತ್ತೆ ಟಪ್. ‘ಹಳೆಯದೇ ಚೆನ್ನಾಗಿತ್ತು, ಇದನ್ನು ತಪ್ಪಿಸಿ ನೇರ ಕೊಡು’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮಲ್ಲಿ ಹೇಳಿದವರು ಮಾಜಿ ಅಧ್ಯಕ್ಷರು.

ಅದು ಹಾಳಾಗಿಲ್ಲ, ಎಣಿಸುತ್ತಿದೆ. ಎಲ್ಲ ಪ್ಲಗ್ ಕಿತ್ತು, ಅದನ್ನು ಎತ್ತಿ, ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದರಲ್ಲಿ ಸೋರಿಕೆ. ನಮ್ಮಲ್ಲಿ ಸಿಕ್ಕಿದ್ದು ಮಳೆಯಲ್ಲಿ ನೆನೆದ ಒಂದು ಹಳೆ ಸೀರಿಯಲ್ ಸೆಟ್, ಅದರ ಜಾಯಿಂಟಿಗೆ ಟೇಪೇ ಇರಲಿಲ್ಲ. ಯಾವ ಪ್ಲಗ್ ಹಾಕದೆಯೂ ಬೀಳುತ್ತಿದ್ದರೆ ಸೋರಿಕೆ ಗೋಡೆಯೊಳಗೆ ಇದೆ. ಆಗ ಬೋರ್ಡ್ ಮುಟ್ಟದೆ ಕಾಂಟ್ರ್ಯಾಕ್ಟರಿಗೆ ಫೋನ್ ಮಾಡಿ.

‘ಟಿ’ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದ ತಕ್ಷಣ ಬಿದ್ದರೆ ಜೀವ ಇದೆ ಅಂತ. ಬೀಳದಿದ್ದರೆ ಬದಲಾಯಿಸಬೇಕು. ನಮ್ಮಲ್ಲಿ ಪ್ರತಿ ತಿಂಗಳ ಸಭೆಗೆ ಮೊದಲು ಬಂದವರು ಒತ್ತುತ್ತಾರೆ. ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ ಕಾಗದದಲ್ಲಿ ತಾರೀಕು ಬರೆಯುತ್ತಾರೆ. ಅದರ ಕೆಳಗೆ ಕಾಂಟ್ರ್ಯಾಕ್ಟರ್ ನಂಬರ್ ಇದೆ, ವಿದ್ಯುತ್ ಕಂಪನಿಯ ಸಹಾಯವಾಣಿ 1912 ಇದೆ.